ಗಾಯದ ಮೇಲಿನ ಪ್ರತಿಫಲ

ಪ್ರಿನ್ಸಿಪಾಲರು 'ಕೊನೆಯದಾಗಿ ಒಂದು ಮಾತು' ಎಂದು ಮತ್ತೊಮ್ಮೆ ಹೇಳಿದಾಗ ಸನ್ಮಾನ ಸಭೆಯಲ್ಲಿ ಯಾರೂ ನಂಬಲಿಲ್ಲ. ವೇದಿಕೆಯ ಮೇಲೆ ಕೂತಿದ್ದ ಅವನಂತೂ ಕೇಳಿಸಿಕೊಳ್ಳಲೇ ಇಲ್ಲ. ಅವನ ಕಣ್ಣು ಅಕ್ಕನ ಬಲಗಾಲಿನ ಮೇಲೆ ನೆಟ್ಟಿತ್ತು. ಅಕ್ಕ ಮುಂದಿನ ಸಾಲಿನಲ್ಲಿ, ಗಣ್ಯರಿಗೆಂದು ಇಟ್ಟ ಮೆತ್ತನೆಯ ಕುರ್ಚಿಯಲ್ಲಿ, ಕಾಲು ಚಾಚಿ ಕೂತಿದ್ದಳು. ಎಡಗಾಲಿಗೆ ಅವಳದೇ ಚಪ್ಪಲಿ, ಬಲಗಾಲಿಗೆ ತೀರಿಹೋದ ಭಾವನ ಅಗಲವಾದ ಚಪ್ಪಲಿ. ಸುತ್ತಿದ ಪಟ್ಟಿಯ ಬೆರಳಿನ ಕಡೆ ಚಹಾ ಚೆಲ್ಲಿದಂಥ ಒಂದು ಕಲೆ. ಮುಲಾಮು ಇರಬೇಕು, ಎಲೆಯ ಮುಲಾಮಿನ ಬಣ್ಣವೇ ಕಂದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಸಭೆ ಶುರುವಾದಾಗ ಆ ಕಲೆ ಇಷ್ಟಗಲ ಇತ್ತೇ? ಇರಲಿಲ್ಲ. ಅಥವಾ ಆಗ ಅವಳು ಕಾಲು ಮಡಚಿದ್ದಳೇನೋ. ಇಪ್ಪತ್ತು ವರ್ಷದಿಂದ ಕಂಪನಿಗಳ ಏರಿಳಿತವನ್ನು ಕೂತಲ್ಲೇ ಅಂದಾಜು ಮಾಡಿ ಹೇಳುವವನಿಗೆ ಒಂದು ಕಲೆ ಬೆಳೆಯುತ್ತಿದೆಯೋ ಇಲ್ಲವೋ ಎಂದು ಹೇಳಲಾಗುತ್ತಿರಲಿಲ್ಲ. ಅಕ್ಕ ಅವನ ನೋಟವನ್ನು ಹಿಡಿದು ನಕ್ಕಳು, ನೆಟ್ಟಗೆ ಕೂತುಕೋ ಎಂಬಂತೆ ಗಲ್ಲ ಎತ್ತಿ ಸನ್ನೆ ಮಾಡಿದಳು. ಅವನು ನೆಟ್ಟಗೆ ಕೂತ. ಐವತ್ತು ದಾಟಿದ ಮೇಲೂ ಅಕ್ಕ ಸನ್ನೆ ಮಾಡಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅವನ ಎಡಕ್ಕೆ ಎಲೆ ಮೇಡಂ, ಬಲಕ್ಕೆ ಬ್ಯಾಂಡೇಜ್ ಮೇಷ್ಟ್ರು. ಹೆಸರಿಟ್ಟವರು ವಿದ್ಯಾರ್ಥಿಗಳು. ಆಕೆ ಸಸ್ಯ ರಸಾಯನದವಳು, ಯಾವ ಗಿಡ ಕಂಡರೂ ಎಲೆ ಕಿತ್ತು ಮೂಸಿ ಚೀಲಕ್ಕೆ ಹಾಕಿಕೊಳ್ಳುವವಳು. ಆತ ಅದೇ ಸಂಸ್ಥೆಯ ನರ್ಸಿಂಗ್ ಕಾಲೇಜಿನಲ್ಲಿ ಗಾಯಗಳ ಆರೈಕೆ ಕಲಿಸುವವನು. ಅವನು ಸ್ವತಃ ಬಡ್ಡಿ ಮೇಷ್ಟ್ರು. ಹಣಕಾಸಿನ ಶಾಸ್ತ್ರ ಎಂದರೆ ಬಡ್ಡಿಯಷ್ಟೇ ಅಲ್ಲ ಎಂದು ಎಷ್ಟು ಬ್ಯಾಚುಗಳಿಗೆ ಹೇಳಿದರೂ ಆ ಹೆಸರು ಹೋಗಿರಲಿಲ್ಲ. ಈ ಮೂವರು ಒಂದೇ ಬೆಂಚಿಗೆ ಬಂದದ್ದು ಪ್ರೀತಿಯಿಂದಲ್ಲ, ಸುತ್ತೋಲೆಯಿಂದ. ಇನ್ನು ಮುಂದೆ ಒಂದೇ ವಿಷಯಕ್ಕೆ ಅಂಟಿಕೊಂಡ ಸಂಶೋಧನೆಗೆ ಮಾನ್ಯತೆಯಿಲ್ಲ, ಮೂರು ಶಾಸ್ತ್ರಗಳಾದರೂ ಕೈ ಕೈ ಹಿಡಿದಿರಬೇಕು ಎಂದು ಆಡಳಿತ ಮಂಡಳಿ ಅಪ್ಪಣೆ ಹೊರಡಿಸಿದ್ದೇ ತಡ, ಕ್ಯಾಂಟೀನಿನಲ್ಲಿ ಜೋಡಿ ಹುಡುಕಾಟ ಶುರುವಾಗಿತ್ತು. ಹತ್ತು ವರ್ಷ ಮುಖ ಕೊಟ್ಟು ಮಾತಾಡದಿದ್ದ ಭೂಗೋಳದವರು ಸಂಗೀತದವರಿಗೆ ಚಹಾ ಕೊಡಿಸಿದರು. ಕೀಟಶಾಸ್ತ್ರದ ಮೇಷ್ಟ್ರನ್ನು ನಾಲ್ಕು ವಿಭಾಗಗಳು ಕಿತ್ತಾಡಿ ಎಳೆದುಕೊಂಡವು. ಕೊನೆಗೆ ಯಾರಿಗೂ ಬೇಡವಾಗಿ ಉಳಿದವರು ಈ ಮೂವರು. ಮೂಲೆಯ ಮೇಜಿನಲ್ಲಿ ಕೂತು, ಆರಿದ ಚಹಾ ಕುಡಿಯುತ್ತ, ಅವನೇ ಮೊದಲು ಬಾಯಿ ಬಿಟ್ಟಿದ್ದ. ಚರ್ಮ ಅಂದರೆ ಬಂಡವಾಳ, ಗಾಯ ಅಂದರೆ ಸಾಲ, ಮುಲಾಮು ಅಂದರೆ ಹೂಡಿಕೆ, ಮಾಯುವುದೇ ಲಾಭ ಎಂದಿದ್ದ. ತಮಾಷೆಗೆ ಅಂದದ್ದು. ಎಲೆ ಮೇಡಂ ಕಣ್ಣರಳಿಸಿ, ಎಷ್ಟು ಆಳವಾಗಿದೆ ಎಂದು ಬರೆದುಕೊಂಡಿದ್ದಳು.

ಎಲೆ ಮೇಡಂ ಎಲೆಯ ಮುಲಾಮು ಕಾಯಿಸಿದಳು, ಬ್ಯಾಂಡೇಜ್ ಮೇಷ್ಟ್ರು ರೋಗಿಗಳಿಗೆ ಹಚ್ಚಿ ಅಳೆದ, ಲೆಕ್ಕ ಇವನ ಪಾಲಿಗೆ ಬಂತು. ಪ್ರಬಂಧ ಅಚ್ಚಾದಾಗ ಅದರ ತಲೆಬರಹವೇ ಮೂರು ಸಾಲಿತ್ತು. ಅದಕ್ಕೂ ಮುಂಚೆ ತಜ್ಞರ ಪರಿಶೀಲನೆಗೆ ಹೋದಾಗ ಹಣಕಾಸಿನ ತಜ್ಞರು, ರಸಾಯನದ ಭಾಗ ಗಟ್ಟಿಯಾಗಿರುವಂತಿದೆ ಎಂದು ಬರೆದರು. ರಸಾಯನದ ತಜ್ಞರು ಗಾಯದ ಭಾಗವನ್ನು ಮೆಚ್ಚಿದರು. ಗಾಯದ ತಜ್ಞರು, ಅಂಕಿಅಂಶ ತಮಗೆ ತಿಳಿಯದಿದ್ದರೂ ಬಹಳ ಬಿಗಿಯಾಗಿದೆ ಎಂದರು. ಎಲ್ಲರೂ ಪಕ್ಕದವನ ಬೆನ್ನು ತಟ್ಟಿದ್ದರು. ಹೀಗೆ ಜಗತ್ತಿನಲ್ಲಿ ಯಾರೂ ಪೂರ್ತಿ ಓದದ ಆ ಪ್ರಬಂಧವನ್ನು ಮೊದಲ ಅಕ್ಷರದಿಂದ ಕೊನೆಯ ಅಡಿಟಿಪ್ಪಣಿಯವರೆಗೆ ಓದಿದವಳು ಒಬ್ಬಳೇ, ಅಕ್ಕ. ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದವಳು. ಅವನ ಪಿಎಚ್.ಡಿ. ಪ್ರಬಂಧವನ್ನು ಒಂದಕ್ಷರವೂ ಅರ್ಥವಾಗದೆ, ಒಂದಕ್ಷರವೂ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟವಳು. ಅಚ್ಚಾದ ಹಾಳೆ ಎಂದರೆ ಅವಳಿಗೆ ಮುಗಿದ ಮಾತು. ಅದರಲ್ಲಿ ತಪ್ಪಿದ್ದರೆ ಟೈಪ್ ಮಾಡಿದವರದೇ ಹೊರತು ಬರೆದವರದಲ್ಲ ಎಂದು ನಂಬಿ ಬದುಕಿದವಳು.

ಆದರೆ ತಪ್ಪು ಟೈಪಿನದಾಗಿರಲಿಲ್ಲ. ಬ್ಯಾಂಡೇಜ್ ಮೇಷ್ಟ್ರು ರೋಗಿಗಳ ಪಟ್ಟಿ ಕಳಿಸಿದ ಮಧ್ಯಾಹ್ನ ಅವನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಲಾಮು ಹಚ್ಚುವ ಮುಂಚೆ ಗಾಯ ಎಷ್ಟಗಲ ಇತ್ತು, ಹಚ್ಚಿದ ಮೇಲೆ ಎಷ್ಟಾಯಿತು, ಅವನಿಗೆ ಬೇಕಿದ್ದದ್ದು ಈ ಎರಡೇ ಅಂಕಣ. ಹೆಸರಿಲ್ಲ, ಬರೀ ಕ್ರಮಸಂಖ್ಯೆ. ಕಿಟಕಿಯ ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಅವನು ಪಟ್ಟಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ಹಿಗ್ಗಿಸಿದ, ಕುಗ್ಗಿಸಿದ, ಜೋಡಿಸಿದ. ಅವನ ಕಸುಬಿನಲ್ಲಿ ಒಂದು ಶಿಸ್ತಿದೆ. ನೂರಾರು ಕಂಪನಿಗಳ ಲಾಭನಷ್ಟ ಅಳೆಯುವಾಗ ಗುಂಪು ಬಿಟ್ಟು ದೂರ ಹೋದವನ್ನು ಮೊದಲೇ ಕಿತ್ತು ಹಾಕುವುದು. ದಿವಾಳಿಯಾದದ್ದು, ಮತ್ತೊಂದರೊಳಗೆ ಸೇರಿಹೋದದ್ದು, ಯಾರೋ ಸೊನ್ನೆ ಹೆಚ್ಚು ಒತ್ತಿದ್ದು. ಅವು ಇದ್ದರೆ ಸರಾಸರಿ ಕೆಡುತ್ತದೆ. ಕಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ 'ವಿಪರೀತ ಅಂಕಿಗಳನ್ನು ಕೈಬಿಡಲಾಗಿದೆ' ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ, ಕೈಬಿಡದಿದ್ದರೇ ಕೇಳುತ್ತಾರೆ. ಆ ಮಧ್ಯಾಹ್ನವೂ ಅವನ ಬೆರಳು ಅಭ್ಯಾಸಬಲದಿಂದ ಅದನ್ನೇ ಮಾಡಿತ್ತು. ತಲೆ ಆಗ ಬೇರೆಲ್ಲೋ ಇತ್ತು, ಬಡ್ತಿಯ ಸಂದರ್ಶನದ ಬಗ್ಗೆಯೋ, ಮನೆಯ ನಲ್ಲಿಯ ಬಗ್ಗೆಯೋ. ಪಟ್ಟಿಯ ಬುಡದಲ್ಲಿ ಗಾಯ ಕುಗ್ಗುವ ಬದಲು ಹಿಗ್ಗಿದವರು ಒಂದಷ್ಟು ಮಂದಿ ಇದ್ದರು, ಗುಂಪು ಬಿಟ್ಟು ದೂರ ಹೋದವರು. ಅವರು ಹೋದ ಮೇಲೆ ನಕ್ಷೆಯ ಗೆರೆ ಎಷ್ಟು ಚೆನ್ನಾಗಿ ಇಳಿಯಿತೆಂದರೆ ಅವನು ಒಬ್ಬನೇ ಕೂತು ಸಿಳ್ಳೆ ಹಾಕಿದ್ದ. ಬ್ಯಾಂಡೇಜ್ ಮೇಷ್ಟ್ರು ಫಲಿತಾಂಶ ನೋಡಿ ಕುಣಿದುಬಿಟ್ಟ. ಲೆಕ್ಕದವರಿಗೆ ತಿಳಿದಿರುತ್ತದೆ ಎಂದು ಆತ ಸುಮ್ಮನಾದ. ಗಾಯದವರು ನೋಡಿರುತ್ತಾರೆ ಎಂದು ಇವನು ಸುಮ್ಮನಾದ. 'ಒಬ್ಬ ರೋಗಿಯಲ್ಲೂ ಗಾಯ ಉಲ್ಬಣಿಸಲಿಲ್ಲ' ಎಂಬ ವಾಕ್ಯವನ್ನು ಎಲೆ ಮೇಡಂ ಸೇರಿಸಿದಳು, ಅಂಕಿಗಳನ್ನು ನೋಡಿಯೇ ಸೇರಿಸಿದಳು. ಆಕೆ ನೋಡಿದ ಅಂಕಿಗಳಲ್ಲಿ ಅದು ನಿಜವಾಗಿಯೂ ನಿಜವಾಗಿತ್ತು.

ಚಪ್ಪಾಳೆ ಬಿತ್ತು. ಪ್ರಿನ್ಸಿಪಾಲರು ಮುಗಿಸಿದ್ದಕ್ಕೋ, ಹೇಳಿದ್ದಕ್ಕೋ ಗೊತ್ತಾಗಲಿಲ್ಲ. ಕಾಲೇಜೇ ಈ ಮುಲಾಮನ್ನು ಟ್ಯೂಬಿನಲ್ಲಿ ತುಂಬಿ ಮಾರುಕಟ್ಟೆಗೆ ಬಿಡುತ್ತದಂತೆ. ಟ್ಯೂಬಿನ ಮೇಲೆ ಮೂವರ ಚಿತ್ರ ಬೇಕೋ, ಎಲೆಯ ಚಿತ್ರ ಸಾಕೋ ಎಂದು ಸಮಿತಿ ಚರ್ಚಿಸುತ್ತಿದೆಯಂತೆ. ಎಲೆ ಮೇಡಂ ಕೂದಲು ಸರಿಮಾಡಿಕೊಂಡಳು. ಕಂಪನಿಗಳೇ ವಾಸಿ, ಎಂದು ಅವನಿಗೆ ಅನಿಸಿತು. ಪಟ್ಟಿಯಿಂದ ತೆಗೆದುಹಾಕಿದ ಯಾವ ಕಂಪನಿಯೂ ಭಾವನ ಚಪ್ಪಲಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುವುದಿಲ್ಲ. ಇಲ್ಲ, ಅಕ್ಕ ಪಟ್ಟಿಯಲ್ಲಿರಲಿಲ್ಲ. ಅಕ್ಕನ ಕಾಲಿಗೆ ಹೊಸ ಚಪ್ಪಲಿ ಕಚ್ಚಿದ್ದೇ ಆಮೇಲೆ. ಸಕ್ಕರೆ ಕಾಯಿಲೆಯವಳು, ಮೊದಲು ಗೊತ್ತೇ ಆಗಲಿಲ್ಲವಂತೆ. ಗೊತ್ತಾದ ಕೂಡಲೇ ಕೇಳಿದ್ದು ಅವನ ಮುಲಾಮನ್ನು. ಊರಿಗೆಲ್ಲ ಆಗುವ ಔಷಧಿ ಮನೆಯವಳಿಗೆ ಇಲ್ಲವೇನೋ ಎಂದು ಫೋನಿನಲ್ಲಿ ರೇಗಿಸಿದ್ದಳು. ಅಂದು ಸಂಜೆ ಅವನು ಹಳೆಯ ಪಟ್ಟಿಯನ್ನು ತೆರೆದು ನೋಡಿದ್ದ. ಬುಡದಲ್ಲಿದ್ದವರನ್ನು ಮೊದಲ ಸಲ ಕಣ್ಣಿಟ್ಟು ನೋಡಿದ್ದ. ಅವರೆಲ್ಲರ ಮುಂದೆ, ಅವನು ಅಗಲ ಕುಗ್ಗಿಸಿ ಕಾಣದಂತೆ ಮಾಡಿದ್ದ ಒಂದು ಅಂಕಣದಲ್ಲಿ, 'ಸಕ್ಕರೆ' ಎಂದು ಬ್ಯಾಂಡೇಜ್ ಮೇಷ್ಟ್ರು ಬರೆದಿದ್ದ. ಮರುದಿನ ಎಲೆ ಮೇಡಂ ಹತ್ತಿರ ಒಂದು ಡಬ್ಬಿ ಇಸಿದುಕೊಂಡು ಅಕ್ಕನಿಗೆ ಕೊಟ್ಟು ಬಂದಿದ್ದ. ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಎಲೆ ತಾನೇ, ಏನೂ ಆಗುವುದಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಪಾಠ ಮಾಡಿಕೊಂಡು ನಡೆದಿದ್ದ. ಆಮೇಲೆ ಪ್ರತಿದಿನ ಫೋನಿನಲ್ಲಿ ಕೇಳುತ್ತಿದ್ದ, ಹೇಗಿದೆ ಕಾಲು. ಮನೆಗೆ ಹೋಗಿ ನೋಡುತ್ತಿರಲಿಲ್ಲ. ಪರೀಕ್ಷೆಯ ಮೌಲ್ಯಮಾಪನ ಇತ್ತು, ವಿಚಾರ ಸಂಕಿರಣ ಇತ್ತು, ನೆಂಟರು ಬಂದಿದ್ದರು. ನೋಡದೆ ಇರಲು ಎಷ್ಟೊಂದು ಕಾರಣಗಳು ಇರುತ್ತವೆ ಎಂದು ಅವನಿಗೇ ಆಶ್ಚರ್ಯವಾಗುತ್ತಿತ್ತು.

ಆಗ ಪ್ರಿನ್ಸಿಪಾಲರು ಮೈಕಿನಲ್ಲಿ ಅಕ್ಕನನ್ನು ಕರೆದರು. ಮುಲಾಮಿನಿಂದ ಉಪಯೋಗ ಪಡೆದ, ಸ್ವತಃ ಸಂಶೋಧಕರ ಸೋದರಿ ನಮ್ಮ ನಡುವೆ ಇದ್ದಾರೆ, ಎರಡು ಮಾತಾಡಬೇಕು ಎಂದರು. ಯಾರು ಹೇಳಿದರು ಇವರಿಗೆ? ಅಕ್ಕನೇ ಹೇಳಿರಬೇಕು, ಬಾಗಿಲಲ್ಲಿ, ಹೆಮ್ಮೆ ತಡೆಯಲಾರದೆ. ಅವಳು ಎದ್ದಳು. ಮೆಟ್ಟಿಲು ಹತ್ತುವಾಗ ಬಲಗಾಲನ್ನು ಹಿಮ್ಮಡಿಯ ಮೇಲೆ ಮಾತ್ರ ಊರಿ, ಮುಖದಲ್ಲಿ ಏನೂ ತೋರಿಸದೆ ಹತ್ತಿದಳು. ಅವನು ಎದ್ದು ಕೈ ಹಿಡಿದುಕೊಳ್ಳಬೇಕಿತ್ತು. ಕುರ್ಚಿಯ ಹಿಡಿಯನ್ನೇ ಹಿಡಿದು ಕೂತ. ಅವಳು ಕುರ್ಚಿಗಳ ಮುಂದೆ ಹಾದು ಹೋದಾಗ ಹಲಗೆಯ ಮೇಲೆ ಒಂದು ಒದ್ದೆ ಗುರುತು ಬಿತ್ತು, ಆಮೇಲೆ ಇನ್ನೊಂದು. ಅವನು ನೋಡಿದ. ಬ್ಯಾಂಡೇಜ್ ಮೇಷ್ಟ್ರು ನೋಡಿದ. ಎಲೆ ಮೇಡಂ ನೋಡಿದಳು. ಮೂವರೂ ಒಟ್ಟಿಗೆ ತಲೆ ಎತ್ತಿ ಚಾವಣಿಯ ಫ್ಯಾನನ್ನು ನೋಡತೊಡಗಿದರು. ಮೂರು ಶಾಸ್ತ್ರಗಳು ಅಷ್ಟು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ ಇರಬೇಕು. ಸ್ವಲ್ಪ ಹೊತ್ತಿನ ಮೇಲೆ ಬ್ಯಾಂಡೇಜ್ ಮೇಷ್ಟ್ರು ಹತ್ತಿರದ ಗುರುತಿನ ಮೇಲೆ ಮೆಲ್ಲಗೆ ತನ್ನ ಬೂಟನ್ನಿಟ್ಟ.

"ನಾನು ಟೈಪ್ ಮಾಡೋಳು, ಭಾಷಣ ಮಾಡೋಳಲ್ಲ" ಎಂದಳು ಅಕ್ಕ. ಸಭೆ ನಕ್ಕಿತು. "ಮುಲಾಮು ಚೆನ್ನಾಗಿದೆ. ದಿನಾ ಹಚ್ತಾ ಇದೀನಿ. ಕಾಲು ಗುಣ ಆಗ್ತಾ ಇದೆ."

ಟೈಪಿಂಗ್ ಅಂಗಡಿ ಮುಚ್ಚುವ ಹಿಂದಿನ ವಾರ, ವ್ಯಾಪಾರ ಹೇಗಿದೆ ಅಕ್ಕ ಎಂದು ಕೇಳಿದಾಗಲೂ ಅವಳು ಇದೇ ದನಿಯಲ್ಲಿ ಚೆನ್ನಾಗಿದೆ ಎಂದಿದ್ದಳು. ಅಮ್ಮನ ಕೊನೆಯ ದಿನಗಳಲ್ಲಿ, ಅವನ ಪರೀಕ್ಷೆ ಕೆಡಬಾರದೆಂದು, ಅಮ್ಮ ಆರಾಮಾಗಿದ್ದಾಳೆ ಓದಿಕೋ ಎಂದದ್ದೂ ಇದೇ ದನಿ. ಸುಳ್ಳು ಹೇಳುವಾಗ ಅಕ್ಕನ ಮಾತು ಚಿಕ್ಕದಾಗುತ್ತಿತ್ತು, ಸ್ಪಷ್ಟವಾಗುತ್ತಿತ್ತು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನೂ ತಟ್ಟಿದ. ತಟ್ಟದಿದ್ದರೆ ಹೇಗೆ ಕಾಣುತ್ತದೆ?

ಫೋಟೋಕ್ಕೆ ನಿಂತಾಗ ಅವಳು ಅವನ ಪಕ್ಕಕ್ಕೆ ಬಂದಳು, ಆಗ ವಾಸನೆ ಬಡಿಯಿತು. ಎಲೆಯ ಕಹಿ ವಾಸನೆಯ ಅಡಿಯಲ್ಲಿ ಇನ್ನೊಂದು, ಸಿಹಿಯಾಗಿ ಕೊಳೆತಂಥದು. ಅಕ್ಕ, ಆಸ್ಪತ್ರೆಗೆ ನಡಿ ಎಂದು ಅವಳ ಕಿವಿಯಲ್ಲಿ ಹೇಳಿದ. ಫೋಟೋ ಆಗಲಿ ಎಂದಳು ಅವಳು. ಆಗಲಿ ಎಂದು ಅವನೂ ನಿಂತ. ಇದನ್ನು ಆಮೇಲೆ ಅವನು ಎಷ್ಟು ಸಲ ನೆನೆದರೂ ನಾಚಿಕೆ ಕಡಿಮೆಯಾಗಲಿಲ್ಲ. ನಿಂತದ್ದಷ್ಟೇ ಅಲ್ಲ, ಫೋಟೋದವನು ಇನ್ನೊಂದು ಎಂದಾಗ ಚೌಕಟ್ಟು ಹಾಕಿದ ಪ್ರಮಾಣಪತ್ರವನ್ನು ಎದೆಯ ಹತ್ತಿರ ಇನ್ನಷ್ಟು ನೆಟ್ಟಗೆ ಹಿಡಿದಿದ್ದ.

ಟ್ಯಾಕ್ಸಿಯಲ್ಲಿ ಅಕ್ಕ ಹೊರಗೆ ನೋಡುತ್ತ ಕೂತಳು. ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ, ಪಟ್ಟಿ ಬದಲಾಯಿಸಿದರೆ ಆಯಿತು, ಪ್ರಿನ್ಸಿಪಾಲರ ಭಾಷಣ ಕೇಳಿದವರಿಗೆ ಯಾವ ನೋವೂ ನೋವಲ್ಲ ಎಂದೆಲ್ಲ ತಮಾಷೆ ಮಾಡಿದಳು. ಅವನು ನಗಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಈಗ ಹೇಳಬೇಕು ಎಂದುಕೊಳ್ಳುತ್ತಿದ್ದ, ಹಸಿರು ಬಿದ್ದಾಗ ಎದೆ ಹಗುರಾಗುತ್ತಿತ್ತು. ಹೇಗೆ ಹೇಳುವುದು? ಅದು ನಮ್ಮಲ್ಲಿ ಎಲ್ಲರೂ ಮಾಡುವುದೇ ಎನ್ನಬಹುದು. ಅಡಿಟಿಪ್ಪಣಿಯಲ್ಲಿ ಬರೆದಿದ್ದೆನಲ್ಲ ಎನ್ನಬಹುದು. ಬ್ಯಾಂಡೇಜ್ ಮೇಷ್ಟ್ರು ನೋಡಿಕೊಳ್ಳಬೇಕಿತ್ತು ಎನ್ನಬಹುದು. ಒಂದೊಂದನ್ನೂ ಮನಸ್ಸಿನಲ್ಲಿ ಆಡಿ ನೋಡಿದ. ಎಲ್ಲವೂ ನಿಜ, ಎಲ್ಲವೂ ಸರಿಯಾದ ವ್ಯಾಕರಣದಲ್ಲಿದ್ದವು. ಪಕ್ಕದಲ್ಲಿ ಅಕ್ಕ ಕಾಲನ್ನು ಒಂದಿಷ್ಟು ಎತ್ತಿ, ಗಾಡಿಯ ಕುಲುಕಾಟ ತಾಗದಂತೆ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಅಕ್ಕನನ್ನು ಎತ್ತರದ ಮಂಚದ ಮೇಲೆ ಕೂರಿಸಿ ಪಟ್ಟಿ ಬಿಚ್ಚತೊಡಗಿದಳು. ಕೊನೆಯ ಸುತ್ತು ಅಂಟಿಕೊಂಡಿತ್ತು, ನೀರು ಹಾಕಿ ಬಿಡಿಸಬೇಕಾಯಿತು. ಅವನು ಗೋಡೆಯ ಮೇಲಿನ, ಕೈ ತೊಳೆಯುವ ವಿಧಾನದ ಚಿತ್ರಗಳನ್ನು ನೋಡುತ್ತಿದ್ದ. ನೋಡು ಎಂದು ಒಳಗೆ ಯಾರೋ ಗದರಿದಂತಾಗಿ ತಿರುಗಿ ನೋಡಿದ. ಕಿರುಬೆರಳು ಮತ್ತು ಅದರ ಪಕ್ಕದ್ದು ಬೆರಳಿನ ಬಣ್ಣದಲ್ಲಿರಲಿಲ್ಲ. ಅವನು ಮಂಚದ ಕಬ್ಬಿಣ ಹಿಡಿದುಕೊಂಡ.

ಏನು ಹಚ್ಚುತ್ತಿದ್ದಿರಿ ಎಂದು ಡಾಕ್ಟರು ಕೇಳಿದಳು. ಅಕ್ಕ ಅವನತ್ತ ನೋಡಲಿಲ್ಲ.

"ಏನೂ ಹಚ್ಚಿಲ್ಲ ಡಾಕ್ಟ್ರೆ. ಬಿಸಿ ನೀರಲ್ಲಿ ತೊಳೀತಿದ್ದೆ, ಅಷ್ಟೇ."

ಚಿಕ್ಕ ಮಾತು, ಸ್ಪಷ್ಟ ಮಾತು. ಅವನಿಗೆ ಒಂದು ಕ್ಷಣ ಎಷ್ಟು ನಿರಾಳವಾಯಿತೆಂದರೆ ಅದನ್ನು ನೆನೆದು ಅವನ ಮೈ ಆಮೇಲೆ ಬಿಸಿಯಾಯಿತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಬಿಸಿ ನೀರಿನ ಮೇಲೆ ಯಾರೂ ಪ್ರಬಂಧ ಬರೆದಿಲ್ಲ. ಡಾಕ್ಟರು ಚಿಮಟಿಯ ತುದಿಯಲ್ಲಿ ಕಂದು ಪೊರೆಯನ್ನು ಎತ್ತಿ ದೀಪಕ್ಕೆ ಹಿಡಿದು, ಮತ್ತೆ ಇದೇನು, ಏನಾದರೂ ಹಚ್ಚಿದ್ದರೆ ಹೇಳಿಬಿಡಿ, ಎಲ್ಲಿಯವರೆಗೆ ಕತ್ತರಿಸಬೇಕು ಎಂದು ನನಗೆ ತಿಳಿಯಬೇಕು ಎಂದಳು. ಕತ್ತರಿಸುವ ಮಾತು ಹಾಗೆ, ಪಟ್ಟಿ ಬದಲಾಯಿಸುವ ಮಾತಿನಷ್ಟು ಸಲೀಸಾಗಿ, ಕೋಣೆಯೊಳಗೆ ಬಂದಿತ್ತು.

ಮುಲಾಮು ಎಂದ ಅವನು. ಯಾವ ಎಲೆಯದು, ಯಾವ ಕಾಲೇಜಿನದು ಎಂದೂ ಹೇಳಿದ. ಡಾಕ್ಟರ ಮುಖ ಸಡಿಲವಾಯಿತು. ಅದೇ, ನಾನು ಓದಿದ್ದೇನೆ, ನಮ್ಮ ವಾರದ ಸಭೆಯಲ್ಲಿ ಚರ್ಚೆಯಾಗಿತ್ತು, ಆ ತಲೆಬರಹ ನೋಡಿ ನಕ್ಕಿದ್ದೆವು, ಆದರೆ ಅಂಕಿಗಳು ಬಹಳ ಚೆನ್ನಾಗಿದ್ದವು ಎಂದಳು. ತಾವೂ ಇಬ್ಬರು ರೋಗಿಗಳಿಗೆ ಕೊಡಿಸಿದ್ದೇವೆ ಎಂದಳು.

"ಹಾಗಾದ್ರೆ ಇದು ಅದರಿಂದ ಆಗಿರೋದಿಲ್ಲ ಬಿಡಿ. ಅದರಲ್ಲಿ ಒಬ್ಬರಿಗೂ ಗಾಯ ಹೆಚ್ಚಾಗಿಲ್ಲ."

"ಹೆಚ್ಚಾಗಿತ್ತು" ಎಂದ ಅವನು. "ಒಂಬತ್ತು ಜನಕ್ಕೆ. ನಾನು ಅವರನ್ನ ತೆಗೆದುಹಾಕಿದೆ."

ಡಾಕ್ಟರು ಚಿಮಟಿಯನ್ನು ತಟ್ಟೆಯಲ್ಲಿಟ್ಟಳು. ತೆಗೆದುಹಾಕಿದೆ ಎಂದರೆ ಏನು ಎಂದು ಕೇಳಿದಳು. ನಮ್ಮ ಶಾಸ್ತ್ರದಲ್ಲಿ, ಎಂದು ಅವನು ಶುರುಮಾಡಿದ. ಗುಂಪಿನಿಂದ ದೂರ ಇರುವ ಅಂಕಿಗಳು ಸರಾಸರಿಯನ್ನು ಕೆಡಿಸುತ್ತವೆ ಎಂಬಲ್ಲಿಗೆ ಬರುವಷ್ಟರಲ್ಲಿ ತನ್ನ ದನಿ ತನಗೇ ಕೇಳಿಸಿತು. ಎರಡನೇ ವರ್ಷದ ತರಗತಿಯಲ್ಲಿ, ಬಲಗೈಯನ್ನು ಗಾಳಿಯಲ್ಲಿ ಇಳಿಜಾರಾಗಿ ಇಳಿಸುತ್ತ, ವರ್ಷ ವರ್ಷ ಹೇಳುವ ದನಿ. ಕೈ ಈಗಲೂ ಹಾಗೇ ಇಳಿದಿತ್ತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ. ಡಾಕ್ಟರು ಅವನನ್ನು ಬೈಯಲಿಲ್ಲ. ಜೇಬಿನಿಂದ ಫೋನ್ ತೆಗೆದು, ಬಾಗಿಲ ಹತ್ತಿರ ಹೋಗಿ, ಯಾರಿಗೋ ಆ ಮುಲಾಮನ್ನು ಈಗಲೇ ನಿಲ್ಲಿಸಿ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಅವರಿಬ್ಬರನ್ನೂ ಇವತ್ತೇ ಕರೆಸಿ ಎಂದೂ ಹೇಳಿದಳು.

ಅಕ್ಕ ತನ್ನ ಬೆರಳುಗಳನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಬರಲಿ ಎಂದು ಅವನು ಕಾಯುತ್ತಿದ್ದ. ಬಂದದ್ದು ಸಿಟ್ಟಲ್ಲ. ಬಹಳ ದಿನದಿಂದ ಸಿಕ್ಕದಿದ್ದ ಟೈಪಿನ ತಪ್ಪೊಂದು ಕೊನೆಗೂ ಕಣ್ಣಿಗೆ ಬಿದ್ದಾಗ ಹುಬ್ಬು ಗಂಟಿಕ್ಕುತ್ತಿದ್ದಳಲ್ಲ, ಹಾಗೆ ಗಂಟಿಕ್ಕಿದಳು.

"ನಾನು ಕಡಿಮೆ ಹಚ್ತಾ ಇದೀನಿ ಅನ್ಕೊಂಡಿದ್ದೆ ಕಣೋ" ಎಂದಳು. "ಒಬ್ಬರಿಗೂ ಹೆಚ್ಚಾಗಿಲ್ಲ ಅಂತ ಬರ್ದಿದೆ, ನನಗೊಬ್ಬಳಿಗೇ ಆಗ್ತಿದೆ ಅಂದ್ರೆ ನನ್ ಕೈಯದೇ ತಪ್ಪು ಅಂತ. ದಿನಾ ಜಾಸ್ತಿ ಜಾಸ್ತಿ ಮೆತ್ತಿದೆ. ನಿನಗೆ ಹೇಳಿದ್ರೆ ನಿನ್ ಪೇಪರಿಗೆ ಕೆಟ್ಟ ಹೆಸರು ಬರತ್ತೆ ಅಂತ ಹೇಳ್ಲಿಲ್ಲ."

ಅವನಿಗೆ ಅಳು ಬಂತು. ಐವತ್ತು ದಾಟಿದವನು, ಎದೆಯ ಜೇಬಿನಲ್ಲಿ ಸಮಾರಂಭದ ಹೂವು ಇನ್ನೂ ಚುಚ್ಚಿಕೊಂಡಿದ್ದವನು, ಗಟ್ಟಿಯಾಗಿ ಅತ್ತುಬಿಟ್ಟ. ಅಕ್ಕ ಸಮಾಧಾನ ಮಾಡಲಿಲ್ಲ. ಅವಳು ಇನ್ನೂ ಯೋಚಿಸುತ್ತಿದ್ದಳು.

"ಆ ಒಂಬತ್ತು ಜನಾನೂ ಹಂಗೇ ಅನ್ಕೊಂಡಿರ್ತಾರೆ ಪಾಪ. ಹೋಗು. ಇಲ್ಲಿ ಡಾಕ್ಟ್ರಿದ್ದಾರೆ, ನೀನು ನಿಂತ್ಕೊಂಡು ಏನು ಮಾಡ್ತೀಯ? ಅವರ ಕಾಲು ಏನಾಗಿದೆ ನೋಡ್ಕೊಂಡು ಬಾ."

"ಅವರ ಹೆಸರು ನನಗೆ ಗೊತ್ತಿಲ್ಲಕ್ಕ" ಎಂದ ಅವನು.

ಅಕ್ಕ ಆಗ ತಲೆಯೆತ್ತಿ ಅವನನ್ನು ನೋಡಿದಳು. ಅರ್ಥವಾಗದೆ, ತಪ್ಪಿಲ್ಲದೆ ಅವನ ಹಾಳೆಗಳನ್ನು ನೋಡುತ್ತಿದ್ದ ಕಣ್ಣುಗಳೇ ಅವು, ಆದರೆ ಈಗ ಅವಳಿಗೆ ಅರ್ಥವಾಗಿತ್ತು. ಬಹಳ ಹೊತ್ತು ನೋಡಲಿಲ್ಲ. ಡಾಕ್ಟರ ಕಡೆ ತಿರುಗಿ, ಎರಡೇ ಬೆರಳೋ ಇನ್ನೂ ಹೋಗುತ್ತವೋ ಎಂದು ಕೇಳಿದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಅವಳಿಗೆ ವಿವರಿಸತೊಡಗಿದಳು. ಅವನು ಕಾರಿಡಾರಿಗೆ ಬಂದು ಬ್ಯಾಂಡೇಜ್ ಮೇಷ್ಟ್ರಿಗೆ ಫೋನ್ ಮಾಡಿದ. ಟ್ಯೂಬಿನ ಬಣ್ಣ ಹಸಿರು ಎಂದು ತೀರ್ಮಾನವಾಯಿತು ಎಂದು ಆ ಕಡೆಯಿಂದ ಉತ್ಸಾಹದ ದನಿ ಕೇಳಿತು. ಪಟ್ಟಿಯ ಬುಡದಲ್ಲಿದ್ದ ಆ ಒಂಬತ್ತು ಜನರ ಮನೆ ಎಲ್ಲಿ ಎಂದು ಅವನು ಕೇಳಿದ. ಆತ ಯಾವ ಬುಡ ಎಂದ.